ಹಾಡ್ಯಾಡಿ ಅಳುವವಳು

ಬಸವಕಲ್ಯಾಣದಲ್ಲಿ ಒಬ್ಬರಿಗೆ ನೆಗಡಿಯಾದರೆ ಸಂಜೆಯೊಳಗೆ ಓಣಿಗೆ ಓಣಿಯೇ ಮದ್ದು ಹೇಳಲು ಬರುತ್ತದೆ. ಅದಕ್ಕೇ ನಾನು ನನ್ನ ತಲೆಯ ರಿಪೇರಿಗೆ ಹುಮನಾಬಾದನ್ನು ಆರಿಸಿಕೊಂಡೆ. ಶನಿವಾರ ಬೆಳಗಿನ ಶಾಲೆ. ಮಕ್ಕಳನ್ನು ಮನೆಗೆ ಕಳಿಸಿ, ತರಗತಿಯ ಬಾಗಿಲಿಗೆ ಬೀಗ ಹಾಕಿ, ಬಸ್‌ಸ್ಟ್ಯಾಂಡಿಗೆ ಬಂದು ನಿಂತರೆ ಅಲ್ಲಿಯೂ ಯಾರಾದರೊಬ್ಬ ಪಾಲಕರು ಸಿಕ್ಕೇ ಸಿಗುತ್ತಿದ್ದರು. "ಎಲ್ಲಿಗ್ರಿ ಮೇಡಮ್?" ಎಂದರೆ "ಹಲ್ಲು ತೋರ್ಸಾಕ ಹೊಂಟೀನ್ರಿ" ಎನ್ನುತ್ತಿದ್ದೆ. ವಾರ ವಾರವೂ ಹೋಗುವುದು ನೋಡಿ, ನನ್ನ ಬಾಯಲ್ಲಿ ಒಂದಾದರೂ ಸ್ವಂತ ಹಲ್ಲು ಉಳಿದಿದೆಯೋ ಇಲ್ಲವೋ ಎಂದು ಅವರು ನಾನು ಮಾತಾಡುವಾಗ ಬಾಯನ್ನೇ ನೋಡುತ್ತಿದ್ದರು. ಬಸ್ಸು ರಾಜೇಶ್ವರ ಊರು ದಾಟುವವರೆಗೂ ನಾನು ಬಾಯಿ ಮುಚ್ಚಿಕೊಂಡೇ ಕೂತಿರುತ್ತಿದ್ದೆ.

ಹಲ್ಲು ಗಟ್ಟಿಯಿದ್ದವು. ಗಟ್ಟಿಯಿಲ್ಲದ್ದು ಬೇರೆ. ನನಗೆ ಸಿಟ್ಟು ಬಂದರೆ ಅಲ್ಲಿ ಸಿಟ್ಟೊಂದೇ ಇರುತ್ತಿತ್ತು, ನಾನು ಇರುತ್ತಿರಲಿಲ್ಲ. ದುಃಖದ್ದೂ ಅದೇ ಕಥೆ. ಮುಖ್ಯ ಗುರುಗಳು ನನ್ನ ತರಗತಿಯನ್ನು ಕೇಳದೆ ಬೇರೆ ಕೋಣೆಗೆ ಹಾಕಿದರೆಂದು ಬಿಸಿಯೂಟದ ಕೋಣೆಯ ಹಿಂದೆ ನಿಂತು ಮಧ್ಯಾಹ್ನವೆಲ್ಲ ಅತ್ತಿದ್ದೇನೆ. ಹೂವಿನವಳು ಮೊಳ ಕಡಿಮೆ ಹಾಕಿದಳೆಂದು ಚೌಕದಲ್ಲಿ ನಿಂತು ಕೂಗಾಡಿ, ಮನೆಗೆ ಬಂದು ಅವಳ ಮುಖ ನೆನೆದು ಮತ್ತೆ ಅತ್ತಿದ್ದೇನೆ. ಆಮೇಲೆ ಬರುವ ದಣಿವು ಇದೆಯಲ್ಲ, ಅದನ್ನು ಯಾರಿಗೂ ಹೇಳಿ ತಿಳಿಸಲು ಆಗುವುದಿಲ್ಲ. ಹೊಲದಲ್ಲಿ ದಿನವಿಡೀ ಸೋಯಾ ಕೊಯ್ದು ಬಂದವರಿಗೆ ನಡು ನೋಯುತ್ತದೆ, ಜನ "ಪಾಪ" ಎನ್ನುತ್ತಾರೆ. ನನಗೆ ಎಲ್ಲಿ ನೋಯುತ್ತಿದೆ ಎಂದು ಕೈಯಿಟ್ಟು ತೋರಿಸಲು ಜಾಗವೇ ಇರಲಿಲ್ಲ.

ಇಷ್ಟಿದ್ದರೂ ಇಷ್ಟು ವರ್ಷ ಯಾಕೆ ಔಷಧಿಗೆ ಹೋಗಲಿಲ್ಲ ಎಂದರೆ, ಇದೇ ನನ್ನ ಮರ್ಯಾದೆಯೂ ಆಗಿತ್ತು.

ನಮ್ಮ ಕಡೆ ಯಾರಾದರೂ ಸತ್ತರೆ ಹೆಣ್ಣುಮಕ್ಕಳು ಹೆಣದ ಸುತ್ತ ಕೂತು ಹಾಡ್ಯಾಡಿ ಅಳುತ್ತಾರೆ. ಬರೀ ಅಳುವುದಲ್ಲ, ಸತ್ತವರು ಏನು ಉಂಡರು, ಏನು ಉಟ್ಟರು, ಯಾರಿಗೆ ಏನು ಕೊಟ್ಟರು, ಯಾವ ಮಾತನ್ನು ನುಂಗಿಕೊಂಡರು, ಎಲ್ಲವನ್ನೂ ದನಿ ಎಳೆದು ಅಲ್ಲಲ್ಲೇ ಕಟ್ಟಿ ಹಾಡುತ್ತಾ ಅಳುವುದು. ಇದು ಎಲ್ಲರಿಗೂ ಬರುವುದಿಲ್ಲ. ನನಗೆ ಬರುತ್ತಿತ್ತು. ಮುಡಬಿ ಕಡೆಯ ನನ್ನ ತವರೂರಿನಲ್ಲಿ, ಕುರಿ ಕಾಯುವ ನಮ್ಮ ಬಳಗದಲ್ಲಿ, ಯಾರ ಮನೆಯಲ್ಲಿ ಸಾವಾದರೂ ಮೊದಲ ಫೋನು ನನಗೆ. ನಾನು ಹೊಸ್ತಿಲು ದಾಟಿ "ಯಾಕ ಎದ್ದು ಮಾತಾಡವಲ್ಲಿ" ಎಂದು ಮೊದಲ ಸಾಲು ಎತ್ತಿದರೆ, ಅಲ್ಲಿಯವರೆಗೆ ಕಲ್ಲಿನಂತೆ ಕೂತ ಸೊಸೆಯಂದಿರೂ ಬಿಕ್ಕುತ್ತಿದ್ದರು. ಗಂಡಸರು ಹೊರಗೆ ಕಟ್ಟೆಯ ಮೇಲೆ ಬೀಡಿ ಆರಿಸಿ ಸುಮ್ಮನಾಗುತ್ತಿದ್ದರು. "ಅಕಿ ಬಂದು ಅತ್ರ ಸತ್ತಾರ್ದು ಜೀವಾ ಹಗರ ಆಗ್ತದ" ಎಂದು ಬಳಗದಲ್ಲಿ ಮಾತಿತ್ತು. ಹಾಗೆ ಯಾರಾದರೂ ಅಂದಾಗ ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತೊಂದರೆ ಶುರುವಾಗುತ್ತಿದ್ದುದು ಆಮೇಲೆ. ಉಳಿದವರೆಲ್ಲ ಮಣ್ಣು ಮುಗಿಸಿ, ಸ್ನಾನ ಮಾಡಿ, ಊಟಕ್ಕೆ ಕೂರುತ್ತಿದ್ದರು. ನಾನು ಮಾತ್ರ ಆ ಹೆಣವನ್ನು ಹೊತ್ತುಕೊಂಡು ಬಸವಕಲ್ಯಾಣದ ಮನೆಗೆ ಬರುತ್ತಿದ್ದೆ. ವಾರಗಟ್ಟಲೆ ಒಲೆಯ ಮುಂದೆ ಅಳು, ಶಾಲೆಯಲ್ಲಿ ಸಿಟ್ಟು, ಮಗಳು ಏನಾದರೂ ಕೇಳಿದರೆ ಕೈಯಲ್ಲಿದ್ದ ತಾಟು ಗೋಡೆಗೆ. ಮಗಳು ಓದುವ ನೆಪದಲ್ಲಿ ಒಳಗಿನ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ ನನ್ನ ಯಜಮಾನರು, ಅವರದು ಮಾತು ಕಡಿಮೆ, ಚಪಾತಿ ಮುರಿಯುತ್ತಾ ಹೇಳಿದರು: "ಸತ್ತಾರು ಅವರ ಮನ್ಯಾಗ ಒಂದ ದಿನ ಇರ್ತಾರ. ನಮ್ಮ ಮನ್ಯಾಗ ತಿಂಗಳ ಇರ್ತಾರ ನೋಡು."

ಅವರ ಮೇಲೂ ಕೂಗಾಡಿದೆ. ಆದರೆ ಮುಂದಿನ ಶನಿವಾರ ಬಸ್ಸು ಹತ್ತಿದೆ.

ಕಲಬುರಗಿಯಿಂದ ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕಿಯೊಬ್ಬರು ಹುಮನಾಬಾದಿನಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಫ್ಯಾನು, ಕಿಟಕಿಯ ಹೊರಗೆ ಲಾರಿಗಳ ಹಾರ್ನು. ಲಾರಿ ಹೋಗುವಾಗಲೆಲ್ಲ ಮಾತು ನಿಲ್ಲಿಸಬೇಕಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ನನಗೆ ಎದ್ದು ಹೋಗಿಬಿಡಬೇಕೆನಿಸುತ್ತಿತ್ತು.

ಮೊದಲ ದಿನವೇ ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಮ್, ನೀವು ಇದನ್ನ ಆರಾಮ ಮಾಡಿದ್ರ ನಾ ಹಾಡ್ಯಾಡಿ ಅಳೂದು ಹೋಗ್ತದೇನ್ರಿ?"

ಅವರು, "ಅದು ಹೋದ್ರ ಏನಾಗ್ತದ್ರಿ?" ಎಂದರು.

"ನಾ ಯಾರಿಗೂ ಬ್ಯಾಡಾಗ್ತೀನಿ" ಎಂದೆ. ಹಾಗೆ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಹೇಳಿದ ಮೇಲೆ ಅಲ್ಲೇ ಅತ್ತೆ. ಅವರು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು, ಸಮಾಧಾನ ಹೇಳಲಿಲ್ಲ. ಅದು ನನಗೆ ಸೇರಿತು.

ಆಮೇಲೆ ಪಾಠ ಶುರುವಾಯಿತು. ಸಿಟ್ಟು ಬಂದಾಗ ಅದು ಮೈಯಲ್ಲಿ ಎಲ್ಲಿದೆ ನೋಡಬೇಕು, ನನ್ನದು ದವಡೆಯಲ್ಲಿತ್ತು. ದುಃಖ ಗಂಟಲಿನ ಕೆಳಗೆ. ಅದಕ್ಕೆ ಹೆಸರು ಹೇಳಬೇಕು: ಇದು ಸಿಟ್ಟು, ಇದು ನಾಚಿಕೆ, ಇದು ಬರೀ ಹಸಿವು. ಎಷ್ಟೋ ಸಲ ಅದು ಹಸಿವೇ ಆಗಿರುತ್ತಿತ್ತು. ತಡೆಯಲಾಗದಾಗ ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು, ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು, ಅಂಗಾಲನ್ನು ನೆಲಕ್ಕೆ ಒತ್ತಿ ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಗಮನಿಸಬೇಕು. ಡಾಕ್ಟರೊಬ್ಬರ ಬಳಿ ಕಳಿಸಿ ಸಣ್ಣದೊಂದು ಗುಳಿಗೆಯನ್ನೂ ಕೊಡಿಸಿದರು. ನಾನು ಹುಟ್ಟಾ ಮೇಷ್ಟ್ರು. ಪಾಠವೆಂದರೆ ನನಗೆ ಪರೀಕ್ಷೆ, ಪರೀಕ್ಷೆಯೆಂದರೆ ಮೊದಲ ನಂಬರು. ಯಾವ ಮಕ್ಕಳೂ ಇಷ್ಟು ಶ್ರದ್ಧೆಯಿಂದ ನಾನು ಕೊಟ್ಟ ಹೋಮ್‌ವರ್ಕ್ ಮಾಡಿಕೊಂಡು ಬಂದದ್ದಿಲ್ಲ, ಅಷ್ಟು ಶ್ರದ್ಧೆಯಿಂದ ನಾನು ಉಸಿರು ಬಿಟ್ಟೆ.

ಬೇಸರದ ಕೆಲಸ ಅದು. ಇಂಥದ್ದನ್ನು ಓದುವಾಗ ಒಂದು ದಿನ ಥಟ್ಟನೆ ಬೆಳಕಾಯಿತು ಎಂದು ಬರೆದಿರುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಮುಖ ತೊಳೆದೂ ತೊಳೆದೂ ಕುಂಕುಮ ನಿಲ್ಲದಂತಾಯಿತು, ಅಷ್ಟೆ. ಆದರೆ ಮನೆಯಲ್ಲಿ ತಾಟುಗಳು ಗೋಡೆಗೆ ಬಡಿಯುವುದು ನಿಂತಿತು. ಮಗಳು ಒಂದು ಸಂಜೆ ಚಿಲಕ ಹಾಕದೆ ಓದುತ್ತಾ ಕೂತದ್ದನ್ನು ನೋಡಿದೆ, ನೋಡಿಯೂ ನೋಡದವಳಂತೆ ಅಡುಗೆಮನೆಗೆ ಹೋದೆ.

ಅಷ್ಟರಲ್ಲಿ ನಿರ್ಣಾದಲ್ಲಿದ್ದ ದೊಡ್ಡವ್ವ ತೀರಿಕೊಂಡಳು. ನನ್ನ ಅವ್ವನ ಅಕ್ಕ. ಸಣ್ಣವಳಿದ್ದಾಗ ಬೇಸಿಗೆಯನ್ನೆಲ್ಲ ಅವಳ ಮನೆಯಲ್ಲಿ ಕಳೆದಿದ್ದೇನೆ. ಅವಳ ಕೈಯ ಉದ್ದಿನ ಹಿಟ್ಟಿನ ಉಂಡೆಗಾಗಿ ಅವಳ ಮಗಳೊಂದಿಗೆ ಕಚ್ಚಾಡಿದ್ದೇನೆ. ಅವಳ ಮಗಳು, ನನಗೆ ಅಕ್ಕನಾಗಬೇಕು, ಫೋನಿನಲ್ಲಿ ಹೇಳಿದ್ದು ಇಷ್ಟೇ: "ಜಲ್ದಿ ಬಾ. ಯಾರೂ ಎತ್ತಿಲ್ಲ, ನಿನ್ನ ಸಲಿಯಾಗಿ ಎಲ್ಲರೂ ಕುಂತಾರ."

ಹೋದೆ. ಜ್ವರದಿಂದ ಮಲಗಿದ್ದ ಅವ್ವನಿಗೆ ಬರಲಾಗಿರಲಿಲ್ಲ. ದೊಡ್ಡವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಸಿರು ಇಳಕಲ್ ಸೀರೆ, ಹಣೆಯ ತುಂಬ ಭಂಡಾರದ ಅರಿಶಿನ. ನಾನು ಹೊಸ್ತಿಲು ದಾಟುತ್ತಲೇ ಹೆಂಗಸರು ಸರಿದು ಜಾಗ ಮಾಡಿದರು. ಗಂಟಲ ಕೆಳಗೆ ಅದು ಬಂತು. ಬರುತ್ತಲೇ ನಾನು, ಒಳ್ಳೆಯ ವಿದ್ಯಾರ್ಥಿನಿ, ಅಂಗಾಲನ್ನು ನೆಲಕ್ಕೆ ಒತ್ತಿದೆ. ಉಸಿರನ್ನು ಉದ್ದಕ್ಕೆ ಬಿಟ್ಟೆ. ಇದು ದುಃಖ ಎಂದು ಒಳಗೇ ಹೆಸರು ಹೇಳಿದೆ. ನೆಲ ತಣ್ಣಗಿತ್ತು. ಅದು ಇಳಿಯಿತು, ಪೂರ್ತಿ ಇಳಿಯಿತು. ನಾನು ಕಣ್ಣು ಒಣಗಿಸಿಕೊಂಡು ದೊಡ್ಡವ್ವನ ಮುಂದೆ ಕೂತೆ, ಹೆಂಗಸರೆಲ್ಲ ನನ್ನ ಮುಖ ನೋಡುತ್ತಾ ಕೂತರು. ಯಾರೂ ಎತ್ತಲಿಲ್ಲ. ಕಡೆಗೆ ಯಾರೋ ಬೀಗರ ಪೈಕಿ ಮುದುಕಿ ತನಗೆ ಬಂದಂತೆ ಒಂದೆರಡು ಸಾಲು ಎಳೆದಳು, ಅವಳಿಗೆ ದೊಡ್ಡವ್ವನ ಬಗ್ಗೆ ಏನೂ ಗೊತ್ತಿರಲಿಲ್ಲ.

ನಮ್ಮ ಬಳಗದಲ್ಲಿ ಅಳದೆ ಕೂತವಳಿಗೆ ಒಂದೇ ಅರ್ಥ: ಸತ್ತವರೊಂದಿಗೆ ಅವಳ ಲೆಕ್ಕ ಬಾಕಿಯಿದೆ. ಮಣ್ಣಿನಿಂದ ಬರುವಷ್ಟರಲ್ಲಿ ಕಾರಣವೂ ಸಿಕ್ಕಿತ್ತು. ದೊಡ್ಡವ್ವನ ಕೊರಳ ಬೋರಮಾಳ ಸರ ಮಗಳಿಗೆ ಹೋಯಿತೆಂದು ನನಗೆ ಉರಿಯಂತೆ. ನಾನು ಅದರ ಬಗ್ಗೆ ಕನಸಿನಲ್ಲೂ ಯೋಚಿಸಿದವಳಲ್ಲ. ಅಕ್ಕ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಬಂದು ನನ್ನ ಮುಂದೆ ನಿಂತಳು.

"ಓಣ್ಯಾಗಿನಾರಿಗೆಲ್ಲಾ ಅತ್ತೀದಿ. ನಮ್ಮವ್ವಗ ಒಂದ ಮಾತ ಸುದ್ದಾ ಬರ್ಲಿಲ್ಲಾ ನಿನ್ನ ಬಾಯಾಗ?"

"ಅಕ್ಕಾ, ನನಗ ತಬಿಯತ್ತ ಸರಿ ಇಲ್ಲ, ದವಾಖಾನಿಗಿ..."

"ಸರಾ ಬೇಕಿತ್ತಂದ್ರ ಕೇಳಬೇಕಿತ್ತು, ಬಿಚ್ಚಿ ಕೊಡ್ತಿದ್ದೆ" ಎಂದು ಒಳಗೆ ಹೋದಳು. ಆಮೇಲೆ ನನ್ನ ಫೋನು ಎತ್ತಲಿಲ್ಲ. ಈಗಲೂ ಎತ್ತುವುದಿಲ್ಲ.

ಬಸ್ಸಿನಲ್ಲಿ ಕೂತು ಬರುವಾಗ ನಾನು ದೊಡ್ಡವ್ವನನ್ನು ನೆನೆಯಲು ನೋಡಿದೆ. ಬರಲಿಲ್ಲ. ಮುಖ ಬಂತು, ಉಂಡೆ ಬಂತು, ಅದರ ಹಿಂದೆ ಬರಬೇಕಾದದ್ದು ಬರಲಿಲ್ಲ. ನನಗೆ ಹೆದರಿಕೆಯಾಯಿತು. ಹೆಣ ಹೊತ್ತುಕೊಂಡು ಬರುವುದು ತಪ್ಪಿತ್ತು, ಸರಿ. ಆದರೆ ಈಗ ಮನೆಗೆ ಹೋಗುತ್ತಿರುವವಳು ಯಾರು?

ಶನಿವಾರ ಮೆಟ್ಟಿಲು ಹತ್ತಿದವಳೇ ಸಮಾಲೋಚಕಿಯ ಮೇಲೆ ಹರಿಹಾಯ್ದೆ. ನನ್ನನ್ನು ಕಟ್ಟಿಗೆ ಮಾಡಿದಿರಿ ಎಂದೆ. ಬಳಗದಲ್ಲಿ ಮುಖ ಇಲ್ಲದಂತೆ ಮಾಡಿದಿರಿ ಎಂದೆ. ಲಾರಿಯ ಹಾರ್ನಿಗೂ ನಿಲ್ಲಿಸಲಿಲ್ಲ. ಅವರು ಪೂರ್ತಿ ಕೇಳಿ, "ಅಳಬ್ಯಾಡ್ರಿ ಅಂತ ನಾ ಯಾವಾಗ ಹೇಳೀನ್ರಿ?" ಎಂದರು.

ಅವರು ಹೇಳಿರಲಿಲ್ಲ. ಸಿಟ್ಟು, ತಾಟು, ವಾರಗಟ್ಟಲೆಯ ಅಳು ಇವಕ್ಕೆಂದು ಕಲಿಸಿದ್ದನ್ನು ನಾನೇ ಎಲ್ಲಕ್ಕೂ ಬಳಿದುಕೊಂಡಿದ್ದೆ. ಮೊದಲ ನಂಬರಿನ ಹುಚ್ಚು.

"ಆ ಹಾಡು ನಿಮಗೇ ಬಂದದ್ದು, ನಾ ಹ್ಯಾಂಗ ಕಸಗೊಳ್ಳಲಿ?" ಎಂದರು. "ಖರೇ ಹೇಳ್ರಿ, ಉಳಿದ ಹೆಣ್ಮಕ್ಕಳು ಅತ್ತ ಮ್ಯಾಲ ಏನ್ ಮಾಡ್ತಾರ?"

ಏನು ಮಾಡುತ್ತಾರೆ? ಎದೆ ಒಡೆಯುವಂತೆ ಅತ್ತ ಹೆಂಗಸು ಮೂಗು ಸೀಟಿ, ಸೆರಗಿನಿಂದ ಮುಖ ಒರೆಸಿಕೊಂಡು, "ಚಹಾಕ್ಕ ಸಕ್ರಿ ಜಾಸ್ತಿ ಆಗ್ಯಾದ" ಎನ್ನುತ್ತಾಳೆ. ಪಕ್ಕದವಳಿಗೆ ಮಗಳ ಬಾಣಂತನದ ಸುದ್ದಿ ಹೇಳುತ್ತಾಳೆ. ಹೆಣ ಎತ್ತುವಾಗ ಮತ್ತೆ ಎದ್ದು ಅಳುತ್ತಾಳೆ, ಅದೂ ಖರೆಯೇ. ನಾನು ಜೀವಮಾನವೆಲ್ಲ ಅವರನ್ನು ಬಣ್ಣ ಹಚ್ಚಿ ನಟಿಸುವವರು ಎಂದುಕೊಂಡಿದ್ದೆ, ನನ್ನದೊಂದೇ ಅಸಲಿ ಅಳು ಎಂದುಕೊಂಡಿದ್ದೆ. ಅವರಿಗೆ ದುಃಖದೊಳಗೆ ಹೋಗಲೂ ಬರುತ್ತಿತ್ತು, ಹೊರಗೆ ಬರಲೂ ಬರುತ್ತಿತ್ತು. ನನಗೆ ಹೋಗುವುದಷ್ಟೇ ಗೊತ್ತಿತ್ತು.

"ಅದನ್ನೇ ಕಲಿಯೂಣ್ರಿ" ಎಂದರು ಅವರು. ಮತ್ತೆ ಮೊದಲಿನಿಂದ. ನನಗೆ ಸಾಕುಸಾಕಾಗಿತ್ತು. ಕೆಳಗಿಳಿದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಒಂದು ಬಸ್ಸು ನನ್ನ ಕಣ್ಣೆದುರೇ ಹೋಯಿತು, ಏಳಲಿಲ್ಲ.

ಹೊಸ ಪಾಠಕ್ಕೆ ಸ್ಕೂಲು ಎಲ್ಲಿಂದ ತರುವುದು? ಅಳುವುದನ್ನು ರೂಢಿ ಮಾಡಲು ಯಾರಾದರೂ ಸಾಯಲಿ ಎಂದು ಕಾಯಲಾಗುತ್ತದೆಯೇ? ಮನೆಯಲ್ಲಿ ಒಬ್ಬಳೇ ಕೂತು ದೊಡ್ಡವ್ವನಿಗೆಂದು ಒಂದೆರಡು ಸಲ ಎತ್ತಲು ನೋಡಿದೆ. ದನಿ ನನ್ನ ಕಿವಿಗೇ ರೇಡಿಯೋದ ದನಿಯಂತೆ ಕೇಳಿತು. ಬಿಟ್ಟುಬಿಟ್ಟೆ.

ಆಗ ಅವ್ವ ಹೇಳಿ ಕಳಿಸಿದಳು, ಬಂದು ಹೋಗು ಎಂದು. ಅವ್ವ ತವರೂರಿನಲ್ಲಿ ನನ್ನ ಅಣ್ಣ, ಅವನ ಹೆಂಡತಿ ವೈನಿಯ ಜೊತೆ ಇದ್ದಾಳೆ. ಕುರಿ ಹಿಂಡು ಈಗಿಲ್ಲ, ಹಿತ್ತಲಲ್ಲಿ ನಾಲ್ಕಾರು ಆಡುಗಳಿವೆ. ನಾನು ಹೋದಾಗ ಮಧ್ಯಾಹ್ನ. ಅವ್ವ ಪಡಸಾಲೆಯಲ್ಲಿ ಮೊರದ ತುಂಬ ತೊಗರಿ ಹರವಿಕೊಂಡು ಹರಳು ಆರಿಸುತ್ತಿದ್ದಳು. ಮುಖ ಎತ್ತಲಿಲ್ಲ.

"ನಮ್ಮಕ್ಕಗ ಅಳ್ಲಿಲ್ಲಂತ."

"ಹೂಂ."

"ಸರದ ಮಾತ ಸುಳ್ಳ ಅಂತ ನನಗ ಗೊತ್ತದ. ಗುಳಿಗಿ ತಿಂದು ಅಳು ಬತ್ತೇದಂತ ಇಲ್ಲಿ ಮಂದಿ ಅನ್ನಾಕತ್ತಾರ. ಖರೆ ಏನು?"

"ನನಗೂ ಗೊತ್ತಿಲ್ಲವ್ವ" ಎಂದೆ. ಅಷ್ಟು ದಣಿದಿದ್ದೆ, ಸುಳ್ಳು ಹೇಳಲೂ ತ್ರಾಣವಿರಲಿಲ್ಲ.

ಅವ್ವ ಮೊರ ಕೆಳಗಿಟ್ಟಳು. "ಹಂಗಾರ ನಾ ಇದ್ದಾಗೇ ನೋಡೂಣು. ನನಗ ಅಳು."

ನನಗೆ ಅರ್ಥವಾಗಲಿಲ್ಲ. ಒಳಗಿದ್ದ ವೈನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. "ಅತ್ತೀ, ಬದುಕಿದ್ದಾರಿಗೆ ಹಾಡ್ಯಾಡಿ ಅಳ್ತಾರೇನ್ರಿ? ಮನಿಗಿ ಒಳ್ಳೇದು, ಬರಕತ್ತ ಇರ್ತದೇನ್ರಿ?"

"ಸತ್ತ ಮ್ಯಾಲ ನನಗ ಕೇಳ್ತದೇನು? ಎಲ್ಲಾರಿಗೂ ಅಕಿ ಅತ್ತದ್ದು ನಾ ಕೇಳೀನಿ, ನನ್ನದೊಂದ ಕೇಳಬಾರ್ದಾ? ನೀ ಹೋಗು, ಆಡಿಗಿ ಸೊಪ್ಪ ಹಾಕು" ಎಂದಳು ಅವ್ವ. ವೈನಿ ನನ್ನನ್ನು ಸುಡುವಂತೆ ನೋಡಿ ಹಿತ್ತಲಿಗೆ ಹೋದಳು.

ನಾನು ಬೇಡವೆಂದೆ. ಅವ್ವ ಹಟ ಹಿಡಿದಳು. ನನ್ನ ಹಟ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿಲ್ಲ. ಕಡೆಗೆ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಅವಳ ಮುಖ ಕಾಣದಂತೆ ಕೂತು, ಸಣ್ಣ ದನಿಯಲ್ಲಿ ಎತ್ತಿದೆ.

"ಅವ್ವಾ ನನ್ನವ್ವಾ, ಕುರಿ ಹಿಂದ ತಿರುಗಿ ಕಾಲ ಸವಿಸಿದಾಕಿ..."

"ನಾ ಎಲ್ಲಿ ತಿರುಗೀನಿ? ಅದು ನಿಮ್ಮಪ್ಪ. ನಾ ಮನ್ಯಾಗ ಮರಿ ನೋಡ್ಕೊಂಡು ಇದ್ದಾಕಿ. ಖರೇದು ಅಳು."

"ಅವ್ವಾ ನನ್ನವ್ವಾ, ಮರಿಗಿ ಹಾಲ ಬಿಟ್ಟು ನನಗ ಅಂಬಲಿ ಕುಡಿಸಿದಾಕಿ..."

"ಮಂದ್ಯಾಗ ಅಂತೀಯೇನ ಇದು? ಹೋಗ್ಲಿ, ಖರೇನೇ ಅದ. ಅನ್ನು."

ಇಬ್ಬರಿಗೂ ನಗು ಬಂತು. ನಗುತ್ತಲೇ ಮುಂದಿನ ಸಾಲು ಬಂತು, ನಾನು ಕಟ್ಟಿದ್ದಲ್ಲ, ತಾನಾಗಿಯೇ ಬಂದದ್ದು. "ನನ್ನ ಸಿಟ್ಟೆಲ್ಲಾ ಹೊಟ್ಟ್ಯಾಗ ಹಾಕ್ಕೊಂಡಾಕಿ, ಇನ್ನ ನಾ ಯಾರ ಮ್ಯಾಲ ಸಿಟ್ಟಾಗ್ಲಿ ನನ್ನವ್ವಾ..." ಅಲ್ಲಿಗೆ ದನಿ ನನ್ನ ಕೈ ಬಿಟ್ಟಿತು. ಗಂಟಲ ಕೆಳಗಿದ್ದದ್ದೆಲ್ಲ ಮೇಲೆ ಬಂತು. ಅದರಲ್ಲಿ ದೊಡ್ಡವ್ವನೂ ಬಂದಳು, ಅವಳ ಉಂಡೆ, ಅವಳ ಹಸಿರು ಸೀರೆ, ಆ ದಿನ ನಾನು ಆಡದ ಮಾತುಗಳೆಲ್ಲ. ಸಣ್ಣ ದನಿ ಹೋಗಿ ಓಣಿಗೆ ಕೇಳುವ ದನಿಯಾಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಹಿತ್ತಲಲ್ಲಿ ಆಡು ಒದರಿದ್ದು ಕೇಳಿಸಿತು. ಕೇಳಿಸಿತು ಎನ್ನುವುದೇ ನನಗೆ ಹೊಸದು. ಮೊದಲೆಲ್ಲ ಒಳಗೆ ಇಳಿದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಅಂಗಾಲು ಒತ್ತಿದೆ. ಅಳುವುದನ್ನು ತಡೆಯಲಿಲ್ಲ, ಇನ್ನೆರಡು ಸಾಲು ಅತ್ತೆ, ಆಮೇಲೆ ನಿಲ್ಲಿಸಿದೆ. ನಾನೇ ನಿಲ್ಲಿಸಿದೆ. ತಂಬಿಗೆ ಎತ್ತಿ ನೀರು ಕುಡಿದೆ.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನನ್ನ ಮ್ಯಾಲ ನನಗೇ ಮರಮರ ಅನಿಸ್ತು ನೋಡು" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮೊರ ಎತ್ತಿಕೊಂಡು ಮತ್ತೆ ಹರಳು ಹುಡುಕತೊಡಗಿದಳು. "ಸಾಕು. ನಾ ಕೇಳಿದೆ. ನಾ ಸತ್ತ ದಿನ ನೀ ಅಳಬ್ಯಾಡ, ಸುಮ್ಕ ಕುಂದ್ರು. ಮತ್ತ ತಬಿಯತ್ತ ಕೆಡಿಸ್ಕೊಂಡೀದಿ. ಮಂದಿ ಸಲಿಯಾಗಿ ನಿಮ್ಮ ವೈನಿ ಒದರ್ತಾಳ."

ನಾನು ಬಯಸಿದ್ದು ಇದನ್ನೇ ಅಲ್ಲವೇ, ಯಾರಾದರೂ ಈ ಕೆಲಸದಿಂದ ಬಿಡುಗಡೆ ಕೊಡಲಿ ಎಂದು? ಎಷ್ಟು ವರ್ಷದ ದಣಿವು. ಆದರೆ ದವಡೆ ಬಿಗಿಯಿತು. ಇದು ಸಿಟ್ಟು, ಎಂದುಕೊಂಡೆ. ಇದು ನನ್ನ ಸಿಟ್ಟು. ತಣ್ಣೀರು ಕೈಯಲ್ಲೇ ಇತ್ತು, ಹಾಕಿಕೊಳ್ಳಲಿಲ್ಲ.

"ವೈನಿಗಿ ಏನ್ ಗೊತ್ತದ ನಿಂದು?" ಎಂದು ಕೂಗಿದೆ. "ಅಂಬಲೀದು ಅಕಿಗಿ ಗೊತ್ತದೇನು? ನಿನಗ ಅಳಾಕಿ ನಾನೇ. ಯಾರೂ ಎತ್ತೂದು ಬ್ಯಾಡ, ನಾ ಬರೂತನ ಎಲ್ಲರೂ ಕುಂದ್ರಲಿ. ನಿನ್ನ ಮಾತ ನಾ ಕೇಳಂಗಿಲ್ಲ."

ಹಿತ್ತಲಲ್ಲಿ ವೈನಿ ಏನೋ ಗೊಣಗಿದಳು. ಅವ್ವ ನನ್ನನ್ನು ನೋಡಿದಳು. ಒಂದು ಹರಳು ಸಿಕ್ಕಿತು, ಅದನ್ನು ಅಂಗಳಕ್ಕೆ ಒಗೆದಳು.

"ಹಂಗಾರ ಅಳು. ಆದ್ರ ಹುಮನಾಬಾದಿಗಿ ಹೋಗೂದ ಬಿಡಬ್ಯಾಡ, ಪೂರಾ ಕಲ್ತು ಬಾ. ಅತ್ತ ಮ್ಯಾಲ ನೀ ನಿನ್ನ ಮನಿ ಮುಟ್ಟಬೇಕಲ್ಲ. ಆವತ್ತ ನಿನ್ನ ಬಸ್ಸಿನತನಾ ಬಿಡಾಕ ನಾ ಇರಾಂಗಿಲ್ಲ."